ದೇಶಾಭಿಮಾನ ಕೊಟ್ಟಿಗೆಗೂ ಬರಲಿ



ಈಗ ನಮ್ಮ ಹಳ್ಳಿಗಳಿಂದಲೂ ವಿದೇಶಕ್ಕೆ ಹೋಗಿಬರುವವರು ಹೆಚ್ಚಾಗಿದ್ದಾರೆ. ಮಕ್ಕಳ ಮನೆಗೆ ಹೋದವರಿದ್ದಾರೆ, ಅಧ್ಯಯನ ಪ್ರವಾಸಕ್ಕೆ ಹೋದವರಿದ್ದಾರೆ. ಹಿಂದಿರುಗಿ ಡೇರಿ ಮುಂದೆ ನಿಂತಾಗ ಅವರಿಂದ ಎರಡು ಬಗೆಯ ಮಾತು ಕೇಳುತ್ತೇನೆ. ‘ಹೈನುಗಾರಿಕೆ ಅಂದರೆ ಅಲ್ಲಿಯದು, ನಮ್ಮದು ಬರೀ ದಂಡ’ ಎನ್ನುವುದು ಒಂದು. ‘ಏನೇ ಹೇಳಿ, ನಮ್ಮ ದೇಶದಂಥ ದೇಶ ಇಲ್ಲ’ ಎನ್ನುವುದು ಇನ್ನೊಂದು. ಎರಡೂ ಮನಸ್ಸಿನಿಂದ ಬಂದ ಮಾತೇ. ಆದರೆ ಮಾತು ಅಲ್ಲಿಗೇ ಮುಗಿದರೆ ನಿಮ್ಮ ರಾಸುಗಳಿಗೆ ಸಿಗುವುದೇನು?

ಮೊದಲ ಮಾತಿನವರಿಗೆ ಒಂದು ವಿಷಯ ನೆನಪಿಸುತ್ತೇನೆ. ಹೈನುಗಾರಿಕೆಗೆ ಹೆಸರಾದ ಡೆನ್ಮಾರ್ಕ್‌ನಲ್ಲಿ ರೈತರು ಮೊದಲ ಸಹಕಾರಿ ಡೇರಿ ಕಟ್ಟಿದ್ದು 1882ರಲ್ಲಿ, ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿನ ಸಂಘಗಳಲ್ಲಿ ಹಸುವಿನ ತಲೆ ಎಣಿಸಿ ಮತ ಕೊಡಲಿಲ್ಲ, ಮನುಷ್ಯರ ತಲೆ ಎಣಿಸಿ ಕೊಟ್ಟರು. ನಿಮ್ಮೂರ ಸಂಘದಲ್ಲೂ ಎರಡು ಹಸು ಕಟ್ಟಿದ ತಾಯಿಗೂ ಇಪ್ಪತ್ತು ಹಸು ಕಟ್ಟಿದವರಿಗೂ ಒಂದೇ ಮತ. ಇಂಥ ಸಣ್ಣ ಉತ್ಪಾದಕರ ಹಾಲಿನಿಂದಲೇ ಭಾರತ ಹಾಲು ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲು. ನಾಚಿಕೆಪಡಲು ಕಾರಣವಿಲ್ಲ.

ಎರಡನೆಯ ಮಾತಿನವರಿಗೆ ನ್ಯೂಜಿಲೆಂಡ್ ಉದಾಹರಣೆ ಕೊಡುತ್ತೇನೆ. ಅಲ್ಲಿ ವಿಮಾನ ಇಳಿಯುವವರೆಲ್ಲ, ಕಳೆದ 30 ದಿನಗಳಲ್ಲಿ ದನಕರುಗಳ ಬಳಿ ಹೋಗಿದ್ದರೆ ತಿಳಿಸಬೇಕು. ಮಣ್ಣು ಮೆತ್ತಿದ ಬೂಟು ಇದ್ದರೆ ತೋರಿಸಬೇಕು. ಹೋಗಿಬಂದ ಉತ್ಪಾದಕರೊಬ್ಬರು, ‘ನಮ್ಮನ್ನು ಕಳ್ಳರ ಹಾಗೆ ನೋಡಿದರು ಸಾರ್, ಅವಮಾನವಾಯಿತು’ ಎಂದು ನನ್ನ ಬಳಿ ಹೇಳಿಕೊಂಡರು. ಪರದೇಶದಲ್ಲಿ ತನ್ನ ದೇಶದ ಬಗ್ಗೆ ಹಾಗೆ ನೋವಾಗುವುದು ಸಹಜ. ಆದರೆ ಅವರ ಅಂಜಿಕೆಗೂ ಕಾರಣವಿದೆ. ಕಾಲುಬಾಯಿ ರೋಗ ಆ ದೇಶಕ್ಕೆ ಇದುವರೆಗೆ ಒಮ್ಮೆಯೂ ಕಾಲಿಟ್ಟಿಲ್ಲ. ನಮ್ಮಲ್ಲಿ ಅದು ಇನ್ನೂ ಇದೆ. ಬಾಯಿ ಹುಣ್ಣಾಗಿ ಜೊಲ್ಲು ಸುರಿಸುತ್ತ ಮೇವು ಬಿಟ್ಟ ಹಸುವನ್ನು ನೋಡಿದವರಿಗೆ ಆ ಕಷ್ಟ ನಾನು ಹೇಳಬೇಕಿಲ್ಲ. ವಾಸಿಯಾದ ಮೇಲೂ ಎಷ್ಟೋ ಹಸುಗಳು ಮೊದಲಿನಷ್ಟು ಹಾಲು ಕೊಡುವುದಿಲ್ಲ.

ಈ ರೋಗವನ್ನು 2030ರೊಳಗೆ ನಿರ್ಮೂಲ ಮಾಡುವ ಗುರಿಯಿಂದ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 4 ತಿಂಗಳು ತುಂಬಿದ ಕರುವಿನಿಂದ ಹಿಡಿದು ಹಸು, ಎಮ್ಮೆ, ಎತ್ತುಗಳಿಗೆ 6 ತಿಂಗಳಿಗೊಮ್ಮೆ ಲಸಿಕೆ, ಅದೂ ಉಚಿತವಾಗಿ. ಆದರೂ ನಾವು ಬಾಗಿಲಿಗೆ ಬಂದಾಗ ‘ಹಾಲು ಕಡಿಮೆಯಾಗುತ್ತೆ, ನಮ್ಮದು ಬಿಟ್ಟುಬಿಡಿ’ ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಒಂದೆರಡು ದಿನ ಹಾಲು ತುಸು ಇಳಿಯಬಹುದು, ಮತ್ತೆ ಏರುತ್ತದೆ. ಲಸಿಕೆ ಬಿಟ್ಟ ಒಂದು ಕೊಟ್ಟಿಗೆಯಿಂದ ಇಡೀ ಕೇರಿಗೆ ರೋಗ ಹಬ್ಬಬಹುದು. ತುಂಬು ಗಬ್ಬದ ರಾಸು ಅಥವಾ ಜ್ವರ ಬಂದ ರಾಸು ಇದ್ದರೆ ಮೊದಲೇ ನಮಗೆ ತಿಳಿಸಿ.

ದೇಶದ ಮೇಲಿನ ಪ್ರೀತಿಯನ್ನು ದೊಡ್ಡ ಮಾತಿನಲ್ಲೇ ತೋರಿಸಬೇಕಾಗಿಲ್ಲ. ಲಸಿಕೆ ತಂಡ ಬಂದ ದಿನ ರಾಸುಗಳನ್ನು ಮೇಯಲು ಬಿಡದೆ ಕಟ್ಟಿಹಾಕಿ, ಮೂಗುದಾರ ಹಿಡಿದು ನಿಲ್ಲಿ. ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ. ಪಕ್ಕದ ಮನೆಯವರಿಗೂ ಹೇಳಿ. ನಮ್ಮವರನ್ನು ಮುಂದೆ ಯಾವ ದೇಶವೂ ಅನುಮಾನದಿಂದ ನೋಡಬಾರದು ಎನ್ನುವುದಾದರೆ ಕೆಲಸ ಶುರುವಾಗಬೇಕಾದದ್ದು ನಿಮ್ಮ ಕೊಟ್ಟಿಗೆಯಲ್ಲೇ.