ಊರ ಹೆಸರು ಸಾಕು, ಜಾಗದ ಗುರುತು ಬೇಡ

ಕಾಫಿ ಕೊಯ್ಲಿನ ಬಿರುಸಿನ ಡಿಸೆಂಬರ್ ತಿಂಗಳಲ್ಲೇ ವರ್ಷಾಂತ್ಯದ ರಜೆಯೂ ಬರುತ್ತದೆ. ಆಳುಗಳನ್ನು ಕರೆತರುವ ನಮ್ಮ ಜೀಪು ಪ್ರವಾಸಿಗಳ ಕಾರಿನ ಸಾಲಿನ ಹಿಂದೆ ನಿಲ್ಲುವುದು ಹೊಸತಲ್ಲ. ಆದರೆ ಈಚೆಗೆ ಕಾರುಗಳು ಹೆಸರಾಂತ ಗಿರಿಗಳಿಗಷ್ಟೇ ಅಲ್ಲದೆ, ನಾವು ಮತ್ತು ದನ ಕಾಯುವವರು ಮಾತ್ರ ಬಲ್ಲ ಅಬ್ಬಿ, ಶೋಲಾ ಕಾಡುಗಳ ಅಂಚಿಗೂ ಬರತೊಡಗಿವೆ. ದಾರಿ ತೋರಿದ್ದು ಯಾರೋ ಫೋಟೋದೊಂದಿಗೆ ಜಾಲತಾಣಕ್ಕೆ ಹಾಕಿದ ನಕ್ಷೆಯ ಗುರುತು.

2022ರಲ್ಲಿ ಚಂದ್ರದ್ರೋಣ ಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ಜನ ಹೇಗೆ ಮುಗಿಬಿದ್ದರೆಂಬುದನ್ನು ಸದಸ್ಯರು ಬಲ್ಲರು. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ಹಾದಿ ಜಾತ್ರೆಯಂತಾಗಿ, ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ತಡೆಯಬೇಕಾಯಿತು. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಭಾಗಕ್ಕೆ ಮುಂಗಡ ನೋಂದಣಿ ಬಂದು, ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳೆಂಬ ಮಿತಿ ವಿಧಿಸಲಾಯಿತು. ಈ ಕ್ರಮಗಳನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮಿತಿ ಹಾಕಲು ಗೇಟು ಬೇಕು, ಕಾವಲುಗಾರ ಬೇಕು. ಹೆಸರೇ ಇಲ್ಲದ ಅಬ್ಬಿಗೆ ಯಾವ ಗೇಟು? ಅದರ ಗುರುತು ಹೊರಗೆ ಬೀಳದಿರುವುದೊಂದೇ ಅದಕ್ಕಿರುವ ಬೇಲಿ.

ಆ ಬೇಲಿ ಮುರಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಸಂಕೋಚದಿಂದಲೇ ಒಪ್ಪಬೇಕು. ಹೋಂಸ್ಟೇ ನಡೆಸುವ ನಮ್ಮವರೇ ‘ತೋಟದ ಪಕ್ಕದಲ್ಲೇ ಗುಪ್ತ ಜಲಪಾತ’ ಎಂದು ಜಾಹೀರಾತು ಕೊಟ್ಟು, ನಕ್ಷೆಯಲ್ಲಿ ಬೊಟ್ಟು ಇಟ್ಟಿದ್ದಾರೆ. ಬೆಲೆ ಕುಸಿದ ವರ್ಷಗಳಲ್ಲಿ ಅತಿಥಿಗಳಿಂದ ಬಂದ ಹಣವೇ ಹಲವು ಮನೆಗಳನ್ನು ನಡೆಸಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದೇ ಕಾರಣಕ್ಕೆ ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಹೋಲ್‌ನ ನಿದರ್ಶನ ಗಮನಾರ್ಹ. ಅಲ್ಲಿ ಬೆರಳೆಣಿಕೆಯ ಜನ ಹೋಗುತ್ತಿದ್ದ ಡೆಲ್ಟಾ ಲೇಕ್ ಎಂಬ ಬೆಟ್ಟದ ಸರೋವರಕ್ಕೆ ಚಿತ್ರಗಳನ್ನು ನೋಡಿ ಜನ ನುಗ್ಗಿದರು. 2018ರಲ್ಲಿ ಅಲ್ಲಿನ ಪ್ರವಾಸೋದ್ಯಮ ಮಂಡಳಿಯೇ ಮುಂದೆ ಬಂದು, ‘ಫೋಟೋ ಹಾಕಿ, ನಿಖರ ಜಾಗ ಹಾಕಬೇಡಿ’ ಎಂಬ ಪ್ರಚಾರ ಕೈಗೊಂಡಿತು. ಪ್ರವಾಸಿಗಳನ್ನು ಕರೆತರುವುದೇ ಕೆಲಸವಾಗಿರುವವರು ಹೇಳಿದ ಮಾತಿದು.

ಕಾಡು ನೋಡುವ ಹಕ್ಕು ನಮಗಷ್ಟೇ ಇದೆಯೇ ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಬಂದ ಅತಿಥಿಯನ್ನು, ಹೋಗಲು ಅನುಮತಿ ಇರುವಲ್ಲಿಗೆ, ಊರಿನವರೊಬ್ಬರ ಜೊತೆ ನಡೆಸಿಕೊಂಡು ಹೋಗೋಣ. ಆ ಊರಿನವರಿಗೂ ಒಂದಿಷ್ಟು ಸಂಪಾದನೆಯಾದೀತು. ದಾರಿ ತಪ್ಪುವ ಭಯವಿದ್ದವರು ತಾವಿರುವ ಜಾಗವನ್ನು ಮನೆಯವರಿಗೆ ತಿಳಿಸಲಿ; ಊರಿಗೆಲ್ಲ ಸಾರುವ ಅಗತ್ಯವಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆರಿಸಿಡಿ. ಇಲ್ಲವಾದರೆ ಅಕ್ಷಾಂಶ ರೇಖಾಂಶಗಳು ಚಿತ್ರದೊಳಗೇ ಸೇರಿಕೊಳ್ಳುತ್ತವೆ. ಚಿತ್ರದ ಕೆಳಗೆ ತಾಲ್ಲೂಕಿನ ಹೆಸರಷ್ಟೇ ಬರೆಯಿರಿ. ಮನೆಯ ಗುರುತು ನಕ್ಷೆಯಲ್ಲಿರಲಿ, ಅಬ್ಬಿಯದು ಬೇಡ. ಅತಿಥಿಗಳಿಗೂ ಇದನ್ನೇ ವಿನಯದಿಂದ ಹೇಳಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು, ಹೋಂಸ್ಟೇ ಇರುವ ಸದಸ್ಯರೆಲ್ಲರೂ ಒಂದೇ ಕಟ್ಟುಪಾಡಿಗೆ ಬರಬೇಕೆಂಬುದು ನಮ್ಮ ಒತ್ತಾಯ. ಒಬ್ಬರು ಪಾಲಿಸಿ ಪಕ್ಕದವರು ಬಿಟ್ಟರೆ ಪ್ರಯೋಜನವಿಲ್ಲ.

ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಹಳ್ಳಕ್ಕೆ ಬಿಡುವುದು ಗುಡ್ಡದ ಮೇಲಿನ ಹುಲ್ಲು ಮತ್ತು ಶೋಲಾ. ಹೂಮಳೆ ಕೈಕೊಟ್ಟಾಗ ಕಾಫಿಗೆ ಹಾಯಿಸುವುದು, ಏಪ್ರಿಲ್‌ನಲ್ಲಿ ಅಡಿಕೆ ತೋಟವನ್ನು ಉಳಿಸುವುದು ಆ ಹಳ್ಳದ ನೀರೇ. ಜೀಪಿನ ಚಕ್ರಕ್ಕೆ ಆ ಹುಲ್ಲು ಕಿತ್ತುಹೋದರೆ ನಷ್ಟ ಪ್ರವಾಸಿಗಲ್ಲ, ನಮಗೆ.