ನಡೆಯುವವರಿಗೆ ದಾರಿ ಬಿಡೋಣ

ಜಂಗಮವೆಂದರೆ ಚಲಿಸುವುದು ಎಂದು ಪ್ರವಚನದಲ್ಲಿ ಕೇಳುತ್ತೇವೆ. ಮುಗಿದ ಮೇಲೆ ಅರ್ಧ ಕಿಲೋಮೀಟರ್ ದೂರದ ಮನೆಗೆ ಕಾರು ಹತ್ತುತ್ತೇವೆ. ನಡೆದು ಬಂದವರನ್ನು ‘ಪಾಪ, ಗಾಡಿ ಸಿಗಲಿಲ್ಲವೇ?’ ಎಂದು ಕೇಳುವುದೂ ಉಂಟು. ಕಾಯಕವನ್ನು ಕೊಂಡಾಡುವ ನಾವೇ ಕಾಲ್ನಡಿಗೆಯನ್ನು ಬಡತನದ ಗುರುತು ಮಾಡಿದ್ದೇವೆ.

ದೇಹದ ಲೆಕ್ಕ ಬೇರೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಒತ್ತಿ ಒತ್ತಿ ಕಾಲಿನ ರಕ್ತವನ್ನು ಹೃದಯದ ಕಡೆಗೆ ಎತ್ತುತ್ತವೆ. ರಕ್ತನಾಳದ ಕವಾಟಗಳು ಅದನ್ನು ಕೆಳಗಿಳಿಯಗೊಡವು. ಪಂಪ್‌ಸೆಟ್ಟಿನ ವಾಲ್ವ್ ಕಂಡ ರೈತರಿಗೆ ಇದು ಹೊಸತಲ್ಲ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪ್ರಸಾದದ ನಂತರ ಹತ್ತು-ಹದಿನೈದು ನಿಮಿಷ ನಡೆದರೂ ಲಾಭವಿದೆ. (ಮಾತ್ರೆ ಬಿಡಿ ಎನ್ನುತ್ತಿಲ್ಲ.) ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಬಿರುಸಾಗಿ.

ಆದರೆ ಎಲ್ಲಿ ನಡೆಯುವುದು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಕೇಳುತ್ತದೆ. ನಮ್ಮ ಊರುಗಳಲ್ಲಿ ಆ ಜಾಗದಲ್ಲಿರುವುದು ಟ್ರಾನ್ಸ್‌ಫಾರ್ಮರ್, ಬೈಕು, ಚರಂಡಿಯ ಮುರಿದ ಚಪ್ಪಡಿ. ಏಟು ಬೀಳುವುದು ವೃದ್ಧರಿಗೆ. ಅವರಿಗಿಂತ ಹೆಚ್ಚಾಗಿ ‘ಸಂಜೆ ಒಬ್ಬಳೇ ಎಲ್ಲಿಗೆ?’ ಎನ್ನಿಸಿಕೊಳ್ಳುವ ಹೆಣ್ಣುಮಕ್ಕಳಿಗೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದುದನ್ನು ವೇದಿಕೆಯ ಮೇಲೆ ಹೊಗಳಿ, ಮನೆಗೆ ಬಂದು ಇದನ್ನೇ ಕೇಳುತ್ತೇವೆ.

ಮಠಗಳು ಇದಕ್ಕೆ ಸರ್ಕಾರದ ಟೆಂಡರ್ ಕಾಯಬೇಕಿಲ್ಲ. ಮಠದ ಅಂಗಳ, ಶಾಲೆಯ ಮೈದಾನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಲ್ಲ ಜಾತಿಯವರಿಗೂ ತೆರೆದಿರಲಿ. ನಾಲ್ಕು ದೀಪ ಹಾಕಿಸಲಿ. ಆ ಹೊತ್ತಿನಲ್ಲಿ ವಾಹನಗಳು ಹೆಬ್ಬಾಗಿಲ ಹೊರಗೇ ನಿಲ್ಲಲಿ, ಪೂಜ್ಯರ ಕಾರೂ ಸೇರಿ.