ನೆರೆಗೆ ಮೊದಲು ಸಿದ್ಧತೆ

2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದುದನ್ನು ಕೊಪ್ಪಳ ಜಿಲ್ಲೆಯ ಜನತೆಯು ಮರೆತಿರಲಾರದು. ಆ ಒಂದೇ ಬಾಗಿಲಿನಿಂದ ಸುಮಾರು 35,000 ಕ್ಯೂಸೆಕ್ಸ್ ನೀರು ಹೊರನುಗ್ಗಿತು. ಅದಕ್ಕೂ ಮೊದಲು, 2019ರ ಆಗಸ್ಟಿನಲ್ಲಿ, ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಿಂದ ದಡಕ್ಕೆ ತರಬೇಕಾಯಿತು. ಅಣೆಕಟ್ಟಿನ ಕೆಳಗೆ ಬಾಳುವವರಿಗೆ ನೆರೆಯು ಅಪರೂಪದ ಸಂಗತಿಯಲ್ಲ.

ಜನರನ್ನು ಸಾಗಿಸುವುದಕ್ಕೆ ದೋಣಿ, ಹೆಲಿಕಾಪ್ಟರುಗಳೇ ಬೇಕು. ಆದರೆ ಮಧುಮೇಹಿಯ ಇನ್ಸುಲಿನ್, ಹಾವು ಕಡಿದವನಿಗೆ ಔಷಧ, ಶಿಶುವಿಗೆ ಹಾಲಿನ ಪುಡಿ, ಇವುಗಳ ಭಾರವೆಷ್ಟು? ಇಂತಹ ಹೊರೆಗೆ ಡ್ರೋನ್ ಸಾಕು. 2021ರ ಅಕ್ಟೋಬರಿನಲ್ಲಿ ಮಣಿಪುರದ ಲೋಕ್‌ಟಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆಯು ಡ್ರೋನಿನಲ್ಲಿ ಕಾಲು ಗಂಟೆಯೊಳಗೆ ತಲುಪಿತು. 2024ರ ಸೆಪ್ಟೆಂಬರಿನ ನೆರೆಯಲ್ಲಿ ವಿಜಯವಾಡದ ಮುಳುಗಡೆ ಬಡಾವಣೆಗಳಿಗೆ ಅನ್ನ, ನೀರು, ಔಷಧಗಳನ್ನು ಡ್ರೋನುಗಳು ಒಯ್ದವು.

ನಮ್ಮಲ್ಲಿ ಈ ಯಂತ್ರಕ್ಕಾಗಿ ಬೆಂಗಳೂರಿನ ದಾರಿ ಕಾಯಬೇಕಾದುದಿಲ್ಲ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನುಗಳನ್ನು ಒದಗಿಸುವ ಯೋಜನೆಗೆ ಕೇಂದ್ರ ಸರಕಾರವು 2023ರ ನವೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಹೊಲಗದ್ದೆಗಳಿಗೆ ಔಷಧ ಸಿಂಪಡಿಸುವ ಇಂತಹ ಯಂತ್ರಗಳು ಸುಮಾರು ಹತ್ತು ಲೀಟರಿನ ತೊಟ್ಟಿಯನ್ನು ಹೊರುತ್ತವೆ. ವಿಷದ ತೊಟ್ಟಿಯನ್ನು ಕಳಚಿ, ಶುದ್ಧವಾದ ಬೇರೆ ಪೆಟ್ಟಿಗೆಯನ್ನು ಅಳವಡಿಸಿದರೆ ಅವೇ ನೆರೆಯ ಕಾಲಕ್ಕೆ ಜೀವರಕ್ಷಕಗಳಾದಾವು. ತುಂಬು ಹೊರೆಯೊಡನೆ ಅವು ಹಾರುವುದು ಕೆಲವೇ ನಿಮಿಷ. ಬಿರುಗಾಳಿ, ಜಡಿಮಳೆಗಳಲ್ಲಿ ಹಾರಲಾರವು. ಆದುದರಿಂದ ದೂರದ ದಾರಿಯನ್ನು ಲಾರಿಯೇ ಕ್ರಮಿಸಬೇಕು. ನದಿಯಿಂದ ದೂರವಿರುವ ಹುಲಿಹೈದರದಂತಹ ಊರುಗಳಲ್ಲಿ ಸಾಮಗ್ರಿಯ ದಾಸ್ತಾನಿರಲಿ. ಅಲ್ಲಿಂದ ದಂಡೆಯವರೆಗೆ ಲಾರಿ, ದಂಡೆಯಿಂದ ನಡುಗಡ್ಡೆಗೆ ಡ್ರೋನ್ ಎಂಬುದೇ ಯೋಗ್ಯವಾದ ಕ್ರಮವು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ? ಮಳೆಗಾಲಕ್ಕೆ ಮೊದಲೇ ಜಿಲ್ಲಾಧಿಕಾರಿಗಳು ಜಿಲ್ಲೆಯಲ್ಲಿರುವ ಡ್ರೋನುಗಳ, ಅವನ್ನು ನಡೆಸಬಲ್ಲವರ ಪಟ್ಟಿಯನ್ನು ಸಿದ್ಧಪಡಿಸಬೇಕು. ನಡುಗಡ್ಡೆಗಳಲ್ಲಿ ಇಳಿದಾಣಗಳನ್ನು ಗುರುತಿಸಬೇಕು. ಕಣ್ಣಳತೆಯಾಚೆ ಹಾರಿಸಲು ಬೇಕಾದ ವಿಶೇಷ ಅನುಮತಿಯನ್ನು ಮುಂಚಿತವಾಗಿಯೇ ದೊರಕಿಸಿಕೊಳ್ಳಬೇಕು. ಒಮ್ಮೆಯಾದರೂ ಹೊಳೆ ದಾಟಿಸಿ ಪರೀಕ್ಷಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಸಂಘದ ಹೆಣ್ಣುಮಗಳು ತನ್ನ ಜೀವನೋಪಾಯದ ಯಂತ್ರವನ್ನು ಸರಕಾರದ ಕರೆಗೆ ಓಗೊಟ್ಟು ತಂದಾಗ, ಅದು ಹೊಳೆಗೆ ಬಿದ್ದರೆ ನಷ್ಟವನ್ನು ಹೊರುವವರು ಯಾರು? ಸರಕಾರವೇ ಹೊರತಕ್ಕದ್ದು. ದಿನಗೂಲಿಯನ್ನೂ ನಷ್ಟಪರಿಹಾರವನ್ನೂ ಬರವಣಿಗೆಯಲ್ಲಿ ಗೊತ್ತುಪಡಿಸದೆ ಬಡವರಿಂದ ಸೇವೆಯನ್ನು ಬಯಸುವುದು ನ್ಯಾಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಯಂತ್ರವಿದೆ, ಕೈಗಳಿವೆ; ಇನ್ನು ಬೇಕಾದುದು ಒಂದು ಆಜ್ಞಾಪತ್ರ. ಹೊಳೆ ತುಂಬುವ ಮೊದಲೇ ಅದು ಹೊರಡಲಿ.